ಮೊದಲು ಟಾರ್ಪಾಲು ಹಾಕಿಸಿ: ಮುಂಬಯಿಯ ಹಳೆ ಕಟ್ಟಡಗಳ ಬಗ್ಗೆ ಒಂದು ಬಹಿರಂಗ ಪತ್ರ

ಮುಂಬಯಿಯ ಹಳೆ ಕಟ್ಟಡಗಳ ವಿಷಯದಲ್ಲಿ ತೀರ್ಮಾನ ಮಾಡುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮ ಜನ ಓದಲಿ ಅಂತ. ಫೋರ್ಟು, ಗಿರಗಾಂವ್, ಕಾಲ್ಬಾದೇವಿ, ಮಾಟುಂಗದ ಎಷ್ಟೋ ಹಳೆ ಕಟ್ಟಡಗಳ ಕೆಳಗೆ ಇವತ್ತಿಗೂ ನಮ್ಮವರ ಹೊಟೇಲುಗಳಿವೆ. ಆ ಕಟ್ಟಡಗಳ ಬಗ್ಗೆ ನೀವು ಏನು ಬರೆದರೂ ಅದು ನಮ್ಮ ಅಡುಗೆಮನೆ ಗೋಡೆಗೇ ತಾಗುತ್ತದೆ.

ನಾನು ಮುಂಬಯಿಗೆ ಬಂದದ್ದು 1973ರಲ್ಲಿ. ಆಗ ನನಗೆ ಹನ್ನೆರಡು ವರ್ಷ. ಊರು ಕುಂದಾಪುರದ ಹತ್ತಿರ. ಮಾವ ಕೈಹಿಡಿದು ಫೋರ್ಟಿನ ಒಂದು ಹೊಟೇಲಿಗೆ ಕರೆತಂದು, ಲೋಟ ತೊಳೆಯುವಲ್ಲಿ ನಿಲ್ಲಿಸಿದರು. ಕಲ್ಲಿನ ಮುಖ, ಮರದ ಮೆಟ್ಟಿಲು ಇದ್ದ ನಾಲ್ಕು ಮಾಳಿಗೆಯ ಕಟ್ಟಡ ಅದು. ಕೆಳಗೆ ನಮ್ಮ ಹೊಟೇಲು, ಪಕ್ಕದಲ್ಲಿ ಒಂದು ಔಷಧಿ ಅಂಗಡಿ, ಮೂಲೆಯಲ್ಲಿ ಪೆನ್ನು ರಿಪೇರಿ ಮಾಡುವವರು. ಮೊದಲ ಮಾಳಿಗೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಎರಡನೆಯದರಲ್ಲಿ ವಕೀಲರು, ಹಡಗು ಏಜೆಂಟರು. ಮೂರನೆಯದರಲ್ಲಿ ಸಂಸಾರಗಳು. ಎಲ್ಲಕ್ಕಿಂತ ಮೇಲೆ, ಹಂಚಿನ ಅಡಿಯಲ್ಲಿ, ನಾವು ಹದಿನೆಂಟು ಮಂದಿ ಹೊಟೇಲಿನ ಹುಡುಗರು.

ಚಾಪೆ ಹಾಸಿ ಮಲಗಿದರೆ ಕಣ್ಣಿಗೆ ಕಾಣುತ್ತಿದ್ದದ್ದು ಆ ಹಂಚಿನ ಒಳಮೈ. ಪ್ರತಿ ಹಂಚಿನ ಮೇಲೂ ಇಂಗ್ಲಿಷಿನಲ್ಲಿ ಏನೋ ಒತ್ತಿದ್ದರು. ರಾತ್ರಿ ಶಾಲೆಗೆ ಸೇರಿ ನಾಲ್ಕೈದು ತಿಂಗಳಾದ ಮೇಲೆ ಒಂದು ರಾತ್ರಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮಂಗಳೂರು ಅಂತಿತ್ತು. ನಾನು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಇಂಗ್ಲಿಷ್ ಪದ ಅದು. ಪಕ್ಕದಲ್ಲಿ ಮಲಗಿದ್ದವನನ್ನು ಎಬ್ಬಿಸಿ ತೋರಿಸಿದ್ದು ಇನ್ನೂ ನೆನಪಿದೆ.

ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮುಂದೆ ಮಂಗಳೂರು ಹಂಚು ಕಡಲದಾರಿಯಲ್ಲಿ ಊರೂರಿಗೆ ಹೋಯಿತು. ಮುಂಬಯಿಯ ಚಾಳು, ಗೋದಾಮು, ಬಂಗಲೆಗಳ ಮೇಲೂ ಕೂತಿತು. ಇನ್ನು ಈ ಕಟ್ಟಡಗಳ ನೆಲಕ್ಕೆ ಹಾಸುತ್ತಿದ್ದದ್ದು ಶಹಾಬಾದ್ ಫರಸಿ. ಅದು ನಮ್ಮ ಕಲಬುರ್ಗಿ ಜಿಲ್ಲೆಯ ಕಲ್ಲು. ತಲೆ ಮೇಲೆ ಮಂಗಳೂರು, ಕಾಲ ಕೆಳಗೆ ಶಹಾಬಾದ್. ಮುಂಬಯಿಯ ಹಳೆ ಕಟ್ಟಡ ಅಂದರೆ ಬ್ರಿಟಿಷರದ್ದು, ಪಾರ್ಸಿಗಳದ್ದು, ನಮಗೇನು ಅನ್ನುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ರಾತ್ರಿ ಶಾಲೆಯಲ್ಲೇ ಎಸ್ಸೆಸ್ಸಿ ಮುಗಿಸಿದೆ. ಡ್ರಾಯಿಂಗ್ ಕಲಿತೆ. ಹಳೆ ಕಟ್ಟಡಗಳ ರಿಪೇರಿ ಮಾಡುವ ಒಬ್ಬ ಕಂತ್ರಾಟುದಾರರ ಬಳಿ ಸೂಪರ್‌ವೈಸರ್ ಆದೆ. ಮೂವತ್ತಾರು ವರ್ಷ ಅದೇ ಕೆಲಸ ಮಾಡಿದೆ. ದೊಡ್ಡ ಪದವಿ ನನಗಿಲ್ಲ. ಆದರೆ ಈ ಗೋಡೆಗಳನ್ನು ಕೈಯಿಂದ ಮುಟ್ಟಿ, ತೊಲೆಗಳನ್ನು ತಟ್ಟಿ ನೋಡಿ ಗೊತ್ತು. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಹಳೆ ಕಟ್ಟಡ ಹೇಗೆ ಹಾಳಾಗುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ವಯಸ್ಸಾಯಿತು, ಬೀಳುತ್ತದೆ ಅಂದುಕೊಳ್ಳುತ್ತಾರೆ. ನಾನು ನೋಡಿದ ಕಟ್ಟಡಗಳಲ್ಲಿ ಹೆಚ್ಚಿನವು ಹಾಳಾದದ್ದು ನೀರಿನಿಂದ. ಅದೂ ಮೂರು ಜಾಗದಿಂದ. ಒಂದು ಮೋರಿ, ಅಂದರೆ ಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ, ಮೀಯುವ ಜಾಗ. ಇನ್ನೊಂದು ಪಾಯಖಾನೆಯ ಪೈಪು. ಮೂರನೆಯದು ಮಳೆನೀರು ಇಳಿಯುವ ಎರಕದ ಪೈಪು ಒಡೆದ ಕಡೆ.

ಒಂದು ಕೆಲಸ ಹೇಳುತ್ತೇನೆ. ತೊಂಬತ್ತರ ದಶಕ, ಫೋರ್ಟಿನಲ್ಲೇ ಇನ್ನೊಂದು ಕಟ್ಟಡ. ಎರಡನೇ ಮಾಳಿಗೆಯ ನೆಲ ಒಂದು ಮೂಲೆಯಲ್ಲಿ ಎರಡು ಇಂಚು ಕುಸಿದಿತ್ತು. ಎಲ್ಲರಿಗೂ ಹೆದರಿಕೆ. ಕೆಳಗೆ ಹೊಟೇಲು, ಅಲ್ಲಿ ಜನ ತಿಂಡಿ ತಿನ್ನುತ್ತಿದ್ದರು. ಗೋಡೆಯ ಸಿಮೆಂಟು ಗಾರೆ ಬಿಚ್ಚಿದೆವು. ಒಳಗೆ ಬರ್ಮಾ ತೇಗದ ತೊಲೆ, ಹನ್ನೆರಡು ಇಂಚು ಎತ್ತರದ್ದು. ಗೋಡೆಯೊಳಗೆ ಹೊಕ್ಕ ತುದಿ ಕಾಫಿ ಪುಡಿಯ ಹಾಗಾಗಿತ್ತು. ಬೆರಳು ಹಾಕಿದರೆ ಒಳಗೆ ಹೋಗುತ್ತಿತ್ತು. ಬಡಗಿ ಉಳಿಯ ಹಿಡಿಯಿಂದ ತಟ್ಟುತ್ತಾ ಬಂದ. ಡಬ್, ಡಬ್ ಅನ್ನುವ ಸದ್ದು ಒಂದೂವರೆ ಅಡಿ ದಾಟಿದ ಮೇಲೆ ಠಣ್ ಅಂತ ಬದಲಾಯಿತು. ಅಲ್ಲಿ ಗರಗಸ ಇಟ್ಟ. ಎರಡು ಎಳೆತಕ್ಕೆ ಹಸಿ ತೇಗದ ಎಣ್ಣೆಯ ವಾಸನೆ ಕೋಣೆ ತುಂಬಿತು. ನೂರು ವರ್ಷದ ಮರ! ಹದಿನಾರು ಅಡಿ ತೊಲೆಯಲ್ಲಿ ಹದಿನಾಲ್ಕೂವರೆ ಅಡಿ ಹೊಸದರ ಹಾಗಿತ್ತು. ಕೊಳೆತದ್ದು ಒಂದೂವರೆ ಅಡಿ ಮಾತ್ರ.

ಹೊಟೇಲಿನ ಟೇಬಲ್ಲುಗಳ ನಡುವೆ ಟೇಕು, ಅಂದರೆ ತೊಲೆಗೆ ಆಸರೆ ಕೊಡುವ ಕಂಬ, ನಿಲ್ಲಿಸಿದೆವು. ಕೊಳೆತ ತುದಿ ಕತ್ತರಿಸಿ, ಹಳೆ ಕಟ್ಟಡವೊಂದರಿಂದ ಬಂದ ತೇಗದ ತುಂಡನ್ನು ಓರೆಯಾಗಿ ಕೂಡಿಸಿ, ಎರಡೂ ಕಡೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿದೆವು. ಗೋಡೆಗೆ ತಾಗುವ ತುದಿಯ ಸುತ್ತ ಗಾಳಿ ಆಡಲು ಒಂದಿಷ್ಟು ಜಾಗ ಬಿಟ್ಟೆವು. ಮೇಲಿನ ಮೋರಿಯ ಸೀಸದ ಪೈಪು ತೆಗೆದು ಬೇರೆ ಹಾಕಿದೆವು. ಗೋಡೆಗೆ ಸುಣ್ಣದ ಗಾರೆ ಬಳಿದೆವು. ಎಲ್ಲ ಸೇರಿ ಹನ್ನೊಂದು ದಿನ. ಹೊಟೇಲು ಬಾಗಿಲು ಹಾಕಿದ್ದು ಎರಡು ದಿನ. ಉಳಿದ ದಿನ ಟೇಕಿನ ಪಕ್ಕದಲ್ಲೇ ಜನ ಕೂತು ಇಡ್ಲಿ ತಿಂದರು. ಮೇಲಿನ ಬಾಡಿಗೆದಾರರು ಯಾರೂ ಮನೆ ಬಿಡಲಿಲ್ಲ. ಆ ತೊಲೆ ಇವತ್ತಿಗೂ ಅಲ್ಲೇ ಇದೆ.

ಈಗ ನಮ್ಮ ಹಳೆ ಹೊಟೇಲಿನ ಕಟ್ಟಡದ ಕಥೆ. ಯಾವ ಕಚೇರಿ, ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಯಾರನ್ನೋ ಬೈಯುವುದು ನನ್ನ ಉದ್ದೇಶ ಅಲ್ಲ.

ಕೆಲವು ವರ್ಷಗಳ ಹಿಂದೆ ಆ ಕಟ್ಟಡದ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ, ಆಯಿತು. ಆಡಿಟ್ ಮಾಡಲು ಬಂದ ಯುವಕ ಒಳ್ಳೆಯವನೇ. ಕೈಯಲ್ಲಿ ರಿಬೌಂಡ್ ಹ್ಯಾಮರ್ ಇತ್ತು. ಅದು ಕಾಂಕ್ರೀಟಿನ ಗಟ್ಟಿತನ ಅಳೆಯುವ ಉಪಕರಣ. ಅದನ್ನು ಸುಣ್ಣ, ಇಟ್ಟಿಗೆಯ ಗೋಡೆಗೆ ಒತ್ತಿ ಒತ್ತಿ ಅಂಕಿ ಬರೆದುಕೊಂಡ. ಸುಣ್ಣದ ಗೋಡೆ ಮೆತ್ತಗೇ ಇರುತ್ತದೆ, ಅದು ಅದರ ಗುಣ. ಅಂಕಿ ಕಡಿಮೆ ಬರದೆ ಇನ್ನೇನು? ತೊಲೆಗಳ ತುದಿಯನ್ನು ಯಾರೂ ಬಿಚ್ಚಿ ನೋಡಲಿಲ್ಲ. ಮರದ ತೇವ ಅಳೆಯಲಿಲ್ಲ. ಒರಲೆ ಎಲ್ಲಿಯವರೆಗೆ ಹತ್ತಿದೆ ಅಂತ ಕೇಳಲಿಲ್ಲ. ವರದಿ ಬಂತು: ಸಿ-1.

ಓದುಗರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಮುಂಬಯಿಯಲ್ಲಿ ಅಪಾಯದ ಕಟ್ಟಡಗಳಿಗೆ ದರ್ಜೆ ಇದೆ. ಸಿ-1 ಅಂದರೆ ತಕ್ಷಣ ಖಾಲಿ ಮಾಡಿ ಕೆಡವಬೇಕು. ಸಿ-2ಎ ಅಂದರೆ ಖಾಲಿ ಮಾಡಿಸಿ ದೊಡ್ಡ ರಿಪೇರಿ. ಸಿ-2ಬಿ ಅಂದರೆ ಜನ ಒಳಗಿರುವಾಗಲೇ ರಿಪೇರಿ ಮಾಡಬಹುದು. ಸಿ-3 ಚಿಕ್ಕಪುಟ್ಟ ರಿಪೇರಿ. ಒಂದು ಅಕ್ಷರ, ಒಂದು ಅಂಕಿಯ ಮೇಲೆ ನೂರಾರು ಜನರ ಬದುಕು ನಿಂತಿರುತ್ತದೆ.

ಬಾಡಿಗೆದಾರರು ದುಡ್ಡು ಕೂಡಿಸಿ ಇನ್ನೊಬ್ಬ ಎಂಜಿನಿಯರರನ್ನು ಕರೆಸಿದರು. ಮರ, ಸುಣ್ಣ ಎರಡೂ ಗೊತ್ತಿದ್ದವರು. ಅವರು ಮೂರು ದಿನ ಕೂತು ನೋಡಿ, ಹಿಂಬದಿಯ ಪಾಯಖಾನೆ ಸಾಲು ಮಾತ್ರ ಕೆಟ್ಟಿದೆ, ಉಳಿದದ್ದು ರಿಪೇರಿಗೆ ಬರುತ್ತದೆ ಅಂದರು. ಅಷ್ಟರಲ್ಲಿ ನೀರು, ಕರೆಂಟು ಕಡಿದಾಗಿತ್ತು. ನೀರಿಲ್ಲದ ಮನೆಯಲ್ಲಿ ಯಾರು ಎಷ್ಟು ದಿನ ಇರುತ್ತಾರೆ? ಒಬ್ಬೊಬ್ಬರೇ ಹೋದರು. ಹೊಟೇಲು ಮುಚ್ಚಿತು. ಕೊನೆಗೆ ಬಿಟ್ಟವರು ಮೂರನೇ ಮಾಳಿಗೆಯ ಒಬ್ಬ ಅಜ್ಜಿ. ಅವರು ನಲವತ್ತು ವರ್ಷ ನಮಗೆಲ್ಲ ಗಣೇಶ ಚೌತಿಗೆ ಮೋದಕ ಕೊಟ್ಟವರು. ಈಗ ವಿರಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ.

ಎರಡು ವರದಿಗಳೂ ಫೈಲಿನಲ್ಲಿವೆ. ಕಟ್ಟಡ ತಗಡಿನ ಬೇಲಿಯೊಳಗಿದೆ. ಮೂರು ಮಳೆಗಾಲ ಕಳೆಯಿತು. ಹಂಚು ಜಾರಿದೆ. ಮುಂದಿನ ಕಮಾನಿನ ಬಿರುಕಿನಲ್ಲಿ ಅರಳಿ ಗಿಡ ಎದ್ದಿದೆ. ಜನ ಇದ್ದಾಗ ಒಂದು ಹಂಚು ಒಡೆದರೆ ಅವತ್ತೇ ಯಾರೋ ಹತ್ತಿ ಬದಲಾಯಿಸುತ್ತಿದ್ದರು. ಈಗ ಹತ್ತುವವರು ಯಾರು? ಮೂವತ್ತು ವರ್ಷದಲ್ಲಿ ಆಗದ ಹಾನಿ ಈ ಮೂರು ವರ್ಷದಲ್ಲಿ ಆಗಿದೆ. ಸಿ-1 ಅಂತ ಬರೆದಾಗ ಅದು ಸುಳ್ಳಾಗಿತ್ತು. ಇನ್ನೆರಡು ಮಳೆಗಾಲ ಹೀಗೇ ಬಿಟ್ಟರೆ ನಿಜವಾಗುತ್ತದೆ.

ಇದು ಒಂದು ಕಟ್ಟಡದ ಮಾತಲ್ಲ ಅಂತ ನಿಮಗೂ ಗೊತ್ತಿದೆ. ಕಾಲಾ ಘೋಡಾದ ಎಸ್ಪ್ಲನೇಡ್ ಮ್ಯಾನ್ಷನ್ ನೋಡಿ. ಒಂದು ಕಾಲದ ವಾಟ್ಸನ್ ಹೊಟೇಲು ಅದು. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ, ತೊಲೆಗಳನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ಇಲ್ಲಿ ಜೋಡಿಸಿದರು. 1896ರ ಜುಲೈ 7ರಂದು ಈ ದೇಶದಲ್ಲಿ ಮೊದಲ ಬಾರಿ ಚಲಿಸುವ ಚಿತ್ರ ತೋರಿಸಿದ್ದು ಅಲ್ಲೇ. 2005ರಲ್ಲಿ ಅದರ ಒಂದು ಭಾಗ ಕುಸಿಯಿತು. 2019ರಲ್ಲಿ ಒಳಗಿದ್ದವರನ್ನು ಖಾಲಿ ಮಾಡಿಸಿದರು. ಕೆಡವಬೇಕು ಅನ್ನುವ ವರದಿ ಬಂತು, ಉಳಿಸಬಹುದು ಅನ್ನುವ ವರದಿಯೂ ಬಂತು.

ಹಣದ ಮಾತಿಗೆ ಬರುತ್ತೇನೆ. ಈ ರೋಗದ ಬೇರು ಅಲ್ಲೇ ಇದೆ. 1947ರ ಬಾಡಿಗೆ ಕಾನೂನು ಹಳೆ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ನಿಲ್ಲಿಸಿತು. ಆಗ ಅದು ಬೇಕಾಗಿತ್ತು, ಯುದ್ಧ ಮುಗಿದ ಕಾಲ, ಊರಿಗೆ ಜನ ಹರಿದು ಬರುತ್ತಿದ್ದರು. ಆದರೆ ಅದು ಅಲ್ಲೇ ನಿಂತುಬಿಟ್ಟಿತು. 1999ರ ಹೊಸ ಕಾನೂನು ವರ್ಷಕ್ಕೆ ಶೇಕಡಾ 4ರಷ್ಟು ಏರಿಸಲು ಬಿಟ್ಟಿತು. ಏನೂ ಇಲ್ಲದ ಬಾಡಿಗೆಯ ಮೇಲೆ ಶೇಕಡಾ 4 ಅಂದರೆ ಎಷ್ಟಾಗುತ್ತದೆ? ಮಾಲೀಕನಿಗೆ ರಿಪೇರಿ ಮಾಡಿಸಿ ಲಾಭವಿಲ್ಲ. ಪಗಡಿ, ಅಂದರೆ ಒಳಗೆ ಬರಲು ಒಟ್ಟಿಗೆ ದೊಡ್ಡ ಮೊತ್ತ, ಕೊಟ್ಟು ಬಂದ ಬಾಡಿಗೆದಾರನಿಗೆ ಕಟ್ಟಡ ತನ್ನದಲ್ಲ. 1969ರಲ್ಲಿ ರಿಪೇರಿ ಮಂಡಳಿ ಬಂತು, ರಿಪೇರಿಗೆಂದು ಸೆಸ್ ಅನ್ನುವ ತೆರಿಗೆ ಬಂತು. ದ್ವೀಪನಗರದ, ಅಂದರೆ ದಕ್ಷಿಣದ ಹಳೆ ಮುಂಬಯಿಯ, ಹಳೆ ಕಟ್ಟಡಗಳನ್ನು ಆ ಲೆಕ್ಕದಲ್ಲಿ ಸೇರಿಸಿದರು. ಆದರೂ ಪ್ರತಿ ಮಳೆಗಾಲದ ಮುಂಚೆ ಅತಿ ಅಪಾಯದ ಕಟ್ಟಡಗಳ ಪಟ್ಟಿ ಬರುವುದು ನಿಂತಿಲ್ಲ.

ಅದೇ ಹೊತ್ತಿಗೆ ಕೆಡವಿ ಕಟ್ಟುವವರಿಗೆ ಊರಿನ ಅಭಿವೃದ್ಧಿ ನಿಯಮಾವಳಿಯಲ್ಲಿ ನಿಯಮ 33(7), 33(9) ಅಂತ ದಾರಿ ಇದೆ. ಎಫ್‌ಎಸ್‌ಐ, ಅಂದರೆ ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ, ಜಾಸ್ತಿ ಸಿಗುತ್ತದೆ. ಹಳೆ ಬಾಡಿಗೆದಾರರಿಗೆ ಜಾಗ ಕೊಟ್ಟು ಉಳಿದದ್ದನ್ನು ಮಾರಬಹುದು. ಇನ್ನೊಂದು ಕಡೆ, ಇರುವುದನ್ನು ಇದ್ದ ಹಾಗೆ ರಿಪೇರಿ ಮಾಡುತ್ತೇನೆ ಅನ್ನುವವನಿಗೆ ಏನು ಸಿಗುತ್ತದೆ? ಹತ್ತು ಕಚೇರಿಯ ಮೆಟ್ಟಿಲು. ಅಗ್ನಿಶಾಮಕದ ಕಾಗದ ಒಂದು ಕಡೆ, ಹೆರಿಟೇಜ್ ಕಾಗದ ಒಂದು ಕಡೆ, ರಿಪೇರಿ ಮಂಡಳಿಯದ್ದು ಇನ್ನೊಂದು ಕಡೆ. ನಾನು ನನ್ನ ಸೇವೆಯ ಅರ್ಧ ಕಾಲ ಸಾರುವೆ ಮೇಲೆ ಕಳೆದಿದ್ದರೆ ಇನ್ನರ್ಧ ಕಾಲ ಬೆಂಚಿನ ಮೇಲೆ ಕಳೆದಿದ್ದೇನೆ. ಕೆಡವುವುದು ಸುಲಭ, ದುರಸ್ತಿ ಕಷ್ಟ ಅಂತ ಕಾನೂನೇ ಮಾಡಿಟ್ಟರೆ ಜನ ಏನು ಮಾಡುತ್ತಾರೆ ಹೇಳಿ.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1995ರಲ್ಲೇ ಈ ಊರಿಗೆ ಹೆರಿಟೇಜ್ ನಿಯಮ ಬಂತು, ದೇಶದಲ್ಲಿ ಮೊದಲು. ಪಾಲಿಕೆಯದ್ದೇ ಆದ ಭಾವು ದಾಜಿ ಲಾಡ್ ಮ್ಯೂಸಿಯಂ 1872ರದ್ದು. ಅದನ್ನು ಎಷ್ಟು ಚೆನ್ನಾಗಿ ಉಳಿಸಿದಿರಿ! ಯುನೆಸ್ಕೋ ಪ್ರಶಸ್ತಿ ಬಂತು. ಮುಚ್ಚಿ ಬಿದ್ದಿದ್ದ ರಾಯಲ್ ಒಪೇರಾ ಹೌಸ್ 2016ರಲ್ಲಿ ಮತ್ತೆ ತೆರೆಯಿತು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬೈಕುಲಾ ರೈಲು ಸ್ಟೇಷನ್. ದಿನವಿಡೀ ಜನ ಇಳಿದು ಹತ್ತುವ ಸ್ಟೇಷನ್ನನ್ನು, ಅದು ಸ್ಟೇಷನ್ನಾಗಿಯೇ ಇರುವಾಗ, ರಿಪೇರಿ ಮಾಡಿದರು. 2022ರಲ್ಲಿ ಅದಕ್ಕೂ ಯುನೆಸ್ಕೋ ಗೌರವ ಸಿಕ್ಕಿತು. ಸುಮ್ನೆ ಪಾಲಿಶ್ ಮಾಡಿ ಟಿಕೆಟ್ ಇಟ್ಟು ತೋರಿಸುವ ಕೆಲಸಕ್ಕಿಂತ ಇದು ಕಷ್ಟದ್ದು. ಫೋರ್ಟಿನ ಸಾಮಾನ್ಯ ಕಟ್ಟಡಗಳಿಗೆ ಬೇಕಾದದ್ದು ಈ ತರಹದ ರಿಪೇರಿಯೇ.

ಯಾಕೆಂದರೆ ಆ ಕಟ್ಟಡಗಳು ಎಂದೂ ಒಂದೇ ಕೆಲಸಕ್ಕೆ ಕಟ್ಟಿದವಲ್ಲ. ಡಿ.ಎನ್. ರೋಡಿನ ಕಮಾನುಗಳ ಕೆಳಗೆ ನಡೆದು ನೋಡಿ. ಮಳೆಯಲ್ಲಿ ಕೊಡೆ ಇಲ್ಲದೆ ಉದ್ದಕ್ಕೂ ಹೋಗಬಹುದು. ಕೆಳಗೆ ವ್ಯಾಪಾರ, ಮೇಲೆ ಆಫೀಸು, ಅದರ ಮೇಲೆ ಮನೆ. ಹಾರ್ನಿಮನ್ ಸರ್ಕಲ್ಲಿನ ಎಲ್ಫಿನ್‌ಸ್ಟನ್ ಬಿಲ್ಡಿಂಗಿನಲ್ಲಿ 2012ರಲ್ಲಿ ಸ್ಟಾರ್‌ಬಕ್ಸ್ ತನ್ನ ಮೊದಲ ಭಾರತೀಯ ಅಂಗಡಿ ತೆರೆಯಿತು. ಹಳೆ ಕಲ್ಲಿನ ಕಟ್ಟಡದಲ್ಲಿ ಹೊಸ ವ್ಯಾಪಾರ ನಡೆಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಆದರೆ ಎಲ್ಲ ಕಡೆ ದುಬಾರಿ ಕಾಫಿ ಅಂಗಡಿಯೇ ಬಂದರೆ, ಅಲ್ಲಿ ಕೆಲಸ ಮಾಡುವ ಹುಡುಗರು ಮಲಗುವುದೆಲ್ಲಿ?

ಬಟ್ಟೆ ಮಿಲ್ಲುಗಳ ವಿಷಯದಲ್ಲಿ ಏನಾಯಿತು ಅಂತ ನಾವು ಕಣ್ಣಾರೆ ನೋಡಿದ್ದೇವೆ. 1982ರ ಜನವರಿಯಲ್ಲಿ ಮುಷ್ಕರ ಶುರುವಾದಾಗ ನಾನು ಇನ್ನೂ ಹೊಟೇಲಿನಲ್ಲಿದ್ದೆ. ಮಿಲ್ಲುಗಳಿದ್ದ ಗಿರಣಗಾಂವಿನ ನಮ್ಮವರ ಹೊಟೇಲುಗಳಲ್ಲಿ ತಿಂಗಳ ಲೆಕ್ಕದ ಪುಸ್ತಕ ಖಾಲಿಯಾಯಿತು. 1991ರ ನಿಯಮದಲ್ಲಿ ಮಿಲ್ಲಿನ ಜಮೀನನ್ನು ಮೂರು ಪಾಲು ಮಾಡಿ, ಒಂದು ಊರಿನ ಬಯಲಿಗೆ, ಒಂದು ಬಡವರ ಮನೆಗೆ, ಒಂದು ಮಾಲೀಕರಿಗೆ ಅಂತ ಇತ್ತು. 2001ರಲ್ಲಿ ಅದನ್ನು ಬದಲಾಯಿಸಿ, ಖಾಲಿ ಜಾಗವನ್ನು ಮಾತ್ರ ಹಂಚಿದರೆ ಸಾಕು ಅಂದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಚಿಮಣಿ ಕೆಲವು ಉಳಿದವು. ಕೆಲಸಗಾರರಿಗೆ ಸಿಗಬೇಕಾದದ್ದು ಬಹಳ ಕಡಿಮೆಯಾಯಿತು. ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರಿನಲ್ಲಿ ಮಾಳಿಗೆ ಮೇಲಿನ ರೆಸ್ಟೋರೆಂಟಿಗೆ ಬೆಂಕಿ ಬಿದ್ದು 14 ಜನ ಸತ್ತರು. ಹಳೆ ಜಾಗಕ್ಕೆ ಹೊಸ ಬಳಕೆ ತರುವಾಗ ಬೆಂಕಿಯ ಲೆಕ್ಕ ಬಿಟ್ಟರೆ ಏನಾಗುತ್ತದೆ ಅನ್ನುವುದು ಆ ರಾತ್ರಿ ಗೊತ್ತಾಯಿತು.

ಹಾಗಾದರೆ ಹೇಗೆ ಮಾಡಬೇಕು? ನಮ್ಮ ಹೊಟೇಲಿನ ಕಟ್ಟಡವನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ.

ಮೊದಲು ನೀರನ್ನು ಹೊರಗೆ ಹಾಕಬೇಕು. ಮಾಳಿಗೆ ಮಾಳಿಗೆಯ ಮೋರಿ, ಪಾಯಖಾನೆ ಎಲ್ಲ ಬಿಚ್ಚಿ, ಹಿಂಬದಿಯ ಓಣಿಗೆ ತಾಗಿ, ತನ್ನದೇ ಪಾಯ, ತನ್ನದೇ ಉಕ್ಕಿನ ಚೌಕಟ್ಟು ಇರುವ ಒಂದು ಹೊಸ ಗೋಪುರ ನಿಲ್ಲಿಸಬೇಕು. ನೀರಿನ ಪೈಪುಗಳೆಲ್ಲ ಅದರಲ್ಲಿ. ಕಲ್ಲು, ಮರದ ಮೈಗೆ ಒಂದು ಹನಿ ತಾಗಬಾರದು. ಅದೇ ಗೋಪುರದಲ್ಲಿ ಎರಡನೇ ಮೆಟ್ಟಿಲು, ಲಿಫ್ಟು. ಬೆಂಕಿ ಬಿದ್ದರೆ ಓಡಲು ದಾರಿಯಾಯಿತು, ವಯಸ್ಸಾದವರಿಗೆ ಹತ್ತಲು ದಾರಿಯಾಯಿತು. ಮುಂದಿನ ಮರದ ಮೆಟ್ಟಿಲನ್ನು ಮುಟ್ಟುವುದೇ ಬೇಡ. ಈ ಒಂದು ಕೆಲಸದಿಂದ ಕಟ್ಟಡದ ಅರ್ಧ ಕಷ್ಟ ಹೋಗುತ್ತದೆ ಅಂತ ನನ್ನ ಅನುಭವ.

ಆಮೇಲೆ ತೊಲೆ ತುದಿಗಳು, ಒಂದೊಂದಾಗಿ, ಜನ ಒಳಗಿರುವಾಗಲೇ. ಲಾದಿ-ಕೋಬಾದ, ಅಂದರೆ ಕಲ್ಲಿನ ಚಪ್ಪಡಿಯ ಮೇಲೆ ಸುಣ್ಣದ ಗಾರೆ ಹಾಕಿದ, ನೆಲದ ಮೇಲೆ ಐವತ್ತು ವರ್ಷದಲ್ಲಿ ಪದರ ಪದರವಾಗಿ ಹಾಕಿದ ಟೈಲು, ಸಿಮೆಂಟು ತೆಗೆದರೆ ಭಾರವೇ ಎಷ್ಟೋ ಇಳಿಯುತ್ತದೆ. ಗೋಡೆಯ ಸಿಮೆಂಟು ಕೆತ್ತಿ ಸುಣ್ಣ ಬಳಿಯಬೇಕು. ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ತೇವ ಸೀದಾ ತೊಲೆಗೆ ಹೋಗುತ್ತದೆ. ಸುಣ್ಣದ ಗೋಡೆ ಉಸಿರಾಡುತ್ತದೆ.

ಬೆಂಕಿಯ ಬಗ್ಗೆ ಒಂದು ಮಾತು. ಮರದ ಕಟ್ಟಡ ಅಂದಕೂಡಲೇ ಅಧಿಕಾರಿಗಳು ಹೆದರುತ್ತಾರೆ. ದಪ್ಪ ತೊಲೆ ಬೇಗ ಬೀಳುವುದಿಲ್ಲ. ಹೊರಗೆ ಕರಿಕಾಗಿ ಒಳಗೆ ಬಹಳ ಹೊತ್ತು ಗಟ್ಟಿ ಉಳಿಯುತ್ತದೆ. ಭಯ ಇರುವುದು ಹಳೆ ವೈರು, ಪ್ಲೈವುಡ್ ಪಾರ್ಟಿಷನ್, ಫಾಲ್ಸ್ ಸೀಲಿಂಗ್, ಮೆಟ್ಟಿಲ ಕೆಳಗೆ ಪೇರಿಸಿದ ರಟ್ಟಿನ ಡಬ್ಬಿಗಳಲ್ಲಿ. ಅದನ್ನೆಲ್ಲ ತೆಗೆದು, ಮಾಳಿಗೆ ಮಾಳಿಗೆಯ ನಡುವೆ ಬೆಂಕಿ ತಡೆಯುವ ಹಲಗೆ, ನೀರಿನ ಸ್ಪ್ರಿಂಕ್ಲರು, ಹೊಸ ವೈರಿಂಗು ಹಾಕಿಸಿ. ಹೊಟೇಲಿನ ಅಡುಗೆಮನೆ ಹೊಗೆಗೆ ಬೇರೆ ಕೊಳವೆ ಕೊಡಿ.

ಬಳಕೆ ಏನು? ಕೆಳಗೆ ಅಂಗಡಿ, ಹೊಟೇಲು ಇದ್ದ ಹಾಗೆಯೇ. ಪ್ರೆಸ್ಸು ಇದ್ದ ಮಾಳಿಗೆ ಭಾರಕ್ಕೆ ಒಗ್ಗಿದ್ದು, ಅಲ್ಲಿ ಸಣ್ಣ ಆಫೀಸು, ಕ್ಲಿನಿಕ್ಕು, ಲೈಬ್ರರಿ ಬರಲಿ. ಮೂರನೆಯದಕ್ಕೆ ಹಳೆ ಸಂಸಾರಗಳು ಮರಳಿ ಬರಲಿ. ಹಂಚಿನ ಅಡಿಯಲ್ಲಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಬಾಡಿಗೆ ಹಾಸಿಗೆ, ಗಾಳಿ ಬೆಳಕು ಇರುವ ಹಾಗೆ. ಆಫೀಸುಗಳೆಲ್ಲ ಬಾಂದ್ರಾ-ಕುರ್ಲಾ ಕಡೆ ಹೋದ ಮೇಲೆ ಫೋರ್ಟಿನಲ್ಲಿ ರಾತ್ರಿ ಒಂಬತ್ತಕ್ಕೆ ಬೀದಿ ಖಾಲಿ. ದೀಪ ಉರಿಯುವ ಕಿಟಕಿ ಎಣಿಸಬಹುದು. ಅದೇ ಹೊತ್ತಿಗೆ ಬೆಳಿಗ್ಗೆ ಐದಕ್ಕೆ ಹೊಟೇಲು ತೆರೆಯಬೇಕಾದ ಹುಡುಗ ನಾಲಾಸೋಪಾರಾದಿಂದ ಮೊದಲ ಲೋಕಲ್ ಹಿಡಿಯುತ್ತಾನೆ. ಇದು ಸರಿಯಾ?

ನಿಮ್ಮದೇ ಹವಾಮಾನ ಯೋಜನೆ 2022ರ ಮಾರ್ಚಿನಲ್ಲಿ ಬಂತು. 2050ಕ್ಕೆ ನೆಟ್ ಝೀರೋ, ಅಂದರೆ ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ವಾಪಸು ತೆಗೆಯುವುದು, ಅನ್ನುವ ಗುರಿ ಅದರಲ್ಲಿದೆ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಹಾಗಿದ್ದರೆ ಒಂದು ಲೆಕ್ಕ ಹಾಕಿಸಿ. ಸಿಮೆಂಟಿನ ಗೂಡು ಸುಮಾರು 1450 ಡಿಗ್ರಿಯಲ್ಲಿ ಉರಿಯಬೇಕು. ಸುಣ್ಣಕ್ಕೆ ಸುಮಾರು 900 ಸಾಕು, ಮತ್ತೆ ಅದು ಗೋಡೆಯ ಮೇಲೆ ಗಟ್ಟಿಯಾಗುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ವಾಪಸು ಎಳೆದುಕೊಳ್ಳುತ್ತದೆ. ನಮ್ಮ ಕಟ್ಟಡದ ಇಟ್ಟಿಗೆ ಸುಟ್ಟ ಸೌದೆ ನೂರು ವರ್ಷದ ಹಿಂದೆಯೇ ಉರಿದು ಮುಗಿದಿದೆ. ಅದನ್ನು ಕೆಡವಿ ಟ್ರಕ್ಕಿಗೆ ತುಂಬಿ, ಹೊಸ ಸಿಮೆಂಟು, ಹೊಸ ಉಕ್ಕು, ಹೊಸ ಗಾಜು ತಂದು, ಆಮೇಲೆ ಆ ಗಾಜಿನ ಪೆಟ್ಟಿಗೆಯನ್ನು ತಂಪು ಮಾಡಲು ವರ್ಷವಿಡೀ ಎ.ಸಿ. ಓಡಿಸಿದರೆ ಅದು ಯಾವ ಹಸಿರು? ಎರಡು ಅಡಿ ದಪ್ಪದ ಗೋಡೆ, ಹದಿನಾಲ್ಕು ಅಡಿ ಎತ್ತರದ ಸೂರು, ಪಟ್ಟಿ ಪಟ್ಟಿಯ ಮರದ ಕಿಟಕಿ ಇರುವ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಒಮ್ಮೆ ಕೂತು ನೋಡಿ. ನಾನು ಕೂತಿದ್ದೇನೆ. ಒಂದು ಫ್ಯಾನು ಸಾಕು. 2023ರ ಅಕ್ಟೋಬರಿನಲ್ಲಿ ಊರೆಲ್ಲ ಧೂಳು ತುಂಬಿದಾಗ ಕಟ್ಟಡ ಕಟ್ಟುವವರಿಗೆ ಎತ್ತರದ ತಗಡಿನ ಬೇಲಿ ಹಾಕಿ ಅಂತ ನೀವೇ ಆದೇಶ ಹೊರಡಿಸಿದಿರಿ. ಕೆಡವದ ಕಟ್ಟಡಕ್ಕೆ ಅಷ್ಟು ಬೇಲಿ ಬೇಡ.

ನಾನು ಕೇಳುವುದು ದೊಡ್ಡದಲ್ಲ. ನೂರು ವರ್ಷದ ಕಟ್ಟಡಕ್ಕೆ ಸಿ-1 ಬರೆಯುವ ಮುಂಚೆ ಮರ, ಸುಣ್ಣ ಗೊತ್ತಿರುವ ಒಬ್ಬ ಎಂಜಿನಿಯರು ತೊಲೆ ತುದಿ ಬಿಚ್ಚಿ ನೋಡಿ ಸಹಿ ಹಾಕಲಿ. ಎರಡು ವರದಿ ಬೇರೆ ಬೇರೆ ಬಂದರೆ ತೀರ್ಮಾನ ಆಗುವವರೆಗೆ ನೀರು, ಕರೆಂಟು ಕಡಿಯಬೇಡಿ, ಅಪಾಯದ ಮೂಲೆಗೆ ಟೇಕು ಕೊಡಿಸಿ. ರಿಪೇರಿಗೆ ಒಂದೇ ಕಿಟಕಿಯಲ್ಲಿ ಅರ್ಜಿ ತೆಗೆದುಕೊಂಡು ದಿನ ಗೊತ್ತುಮಾಡಿ ಉತ್ತರ ಕೊಡಿ. ಹೆರಿಟೇಜ್ ಟಿಡಿಆರ್ ಅಂತ ಒಳ್ಳೆಯ ದಾರಿ ಕಾನೂನಿನಲ್ಲಿದೆ. ಮೇಲೆ ಕಟ್ಟದೆ ಬಿಟ್ಟದ್ದಕ್ಕೆ ಸಿಗುವ ಹಕ್ಕನ್ನು ಮಾಲೀಕ ಮಾರಬಹುದು. ಆ ಹಣ ಮೊದಲು ಅದೇ ಕಟ್ಟಡದ ರಿಪೇರಿಗೆ ಹೋಗಲಿ, ಬೇರೆ ಖಾತೆಯಲ್ಲಿ ಇರಲಿ, ಕೆಲಸ ಆದಂತೆ ಬಿಡುಗಡೆಯಾಗಲಿ. ಹಳೆ ಬಾಡಿಗೆದಾರರ ಹೆಸರು ಖಾಲಿ ಮಾಡಿಸುವ ದಿನವೇ ದಾಖಲೆಗೆ ಹತ್ತಲಿ. ಬಾಡಿಗೆದಾರರೂ ಸ್ವಲ್ಪ ಜಾಸ್ತಿ ಕೊಡಬೇಕು. ನನ್ನವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಆದರೆ ನ್ಯಾಯ ಅದೇ.

ನಮ್ಮ ಹೊಟೇಲಿನ ಅಣ್ಣಂದಿರೇ, ಈಗ ನಿಮ್ಮ ಜೊತೆ ಎರಡು ಮಾತು. ಈ ಕಟ್ಟಡಗಳಿಗೆ ಕಷ್ಟ ಕೊಟ್ಟವರಲ್ಲಿ ನಾವೂ ಇದ್ದೇವೆ. ಕೌಂಟರು ದೊಡ್ಡದು ಮಾಡಲು ಗೋಡೆ ಒಡೆದದ್ದು, ಅಟ್ಟ ಕಟ್ಟಲು ತೊಲೆಗೆ ತೂತು ಕೊರೆದದ್ದು, ಬಾಯ್ಲರಿನ ಹಬೆಯನ್ನು ಕಲ್ಲಿನ ಮೇಲೆ ಬಿಟ್ಟದ್ದು, ಕಮಾನಿನ ಮೇಲೆ ಬೋರ್ಡು ಹೊಡೆದದ್ದು. ನನ್ನ ಕೈಯಿಂದಲೂ ಕೆಲವು ಆಗಿವೆ, ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ನಿಮ್ಮ ಹೊಟೇಲಿನ ಸೂರಿಗೆ ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ತೆಗೆದು ಟಾರ್ಚು ಬಿಟ್ಟು ನೋಡಿ. ಕಪ್ಪು ಕಲೆ ಕಂಡರೆ ಮೇಲಿನ ಮೋರಿ ಸೋರುತ್ತಿದೆ ಅಂತ ಅರ್ಥ. ಪೈಪು ಬದಲಾಯಿಸುವ ಖರ್ಚು ಒಂದು ಮಿಕ್ಸರಿನದ್ದು. ಮೇಲಿನವರ ಜೊತೆ ಜಗಳ ಮಾಡುವ ಬದಲು ಅರ್ಧ ಖರ್ಚು ಹಾಕಿ. ನಮ್ಮ ಸಂಘಗಳು ಸಾಲ ಕೊಡುತ್ತವೆ, ಸ್ಕಾಲರ್‌ಶಿಪ್ ಕೊಡುತ್ತವೆ. ಒಂದಿಷ್ಟು ಹಣ ಸುಣ್ಣದ ಗಾರೆ, ಮರದ ಜೋಡಣೆ ಕಲಿಯುವ ಹುಡುಗರಿಗೂ ಇಡಬಹುದು ಅಲ್ವಾ? ಸುಣ್ಣ ಬಲ್ಲ ಗಾರೆಯವರು ಈಗ ಹುಡುಕಿದರೂ ಸಿಗುವುದು ಕಷ್ಟ. ನನಗೆ ಗೊತ್ತಿರುವ ಇಬ್ಬರಿಗೂ ಎಪ್ಪತ್ತು ದಾಟಿದೆ.

ಅಧಿಕಾರಿಗಳೇ, ಕಡೆಯದಾಗಿ ಆ ಕಟ್ಟಡದ ಮಾತು. ಕಾನೂನು ತಿದ್ದಲು, ಸಮಿತಿ ಕೂರಲು ವರ್ಷ ಬೇಕು ಅಂತ ನನಗೆ ಗೊತ್ತಿದೆ. ಮಳೆ ಅಷ್ಟು ಕಾಯುವುದಿಲ್ಲ. ಜೂನ್ ಬಂದೇ ಬರುತ್ತದೆ. ಅದಕ್ಕಿಂತ ಮುಂಚೆ ಆ ಚಾವಣಿಗೆ ಟಾರ್ಪಾಲು ಹಾಕಿಸಿ. ಅರಳಿ ಗಿಡವನ್ನು ಎಳೆದು ಕೀಳಿಸಬೇಡಿ, ಕಲ್ಲು ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ ಬೇರಿಗೆ ಔಷಧಿ ಹಾಕಬೇಕು. ಹಿಂಬದಿಯ ಮಳೆನೀರಿನ ಪೈಪು ಎರಡನೇ ಮಾಳಿಗೆಯ ಹತ್ತಿರ ಒಡೆದಿದೆ, ಆರು ಅಡಿ ತುಂಡು ಸಾಕು. ಬಡಗಿ ಒಬ್ಬರು, ಗಾರೆಯವರು ಇಬ್ಬರು, ನಾನು. ನಾಲ್ಕು ದಿನದ ಕೆಲಸ. ಕೂಲಿ ಬೇಡ. ಬೇಲಿಯ ಬೀಗದ ಕೈ ಯಾರ ಬಳಿ ಇದೆ ಅನ್ನುವುದನ್ನು ಮಾತ್ರ ತಿಳಿಸಿ. ನನ್ನ ವಿಳಾಸ, ಫೋನ್ ನಂಬರು ಅಂಚೆಯಲ್ಲಿ ಕಳಿಸಿದ ಪ್ರತಿಯಲ್ಲಿದೆ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಫೋರ್ಟಿನ ಹಳೆಯ ಬಾಡಿಗೆದಾರ, ಒಬ್ಬ ಮುಂಬಯಿ ಕನ್ನಡಿಗ